ಬಯಲ ನಡುವಿನ ಡೊಂಕು

ಈ ರಾಜ್ಯ ಹೆದ್ದಾರಿಗೆ ಎರಡು ನಕ್ಷೆಗಳಿವೆ. ಒಂದು ರಸ್ತೆ ಇಲಾಖೆಯ ಕಚೇರಿಯ ಗೋಡೆಯ ಮೇಲೆ ಗಾಜಿನ ಹಿಂದೆ ಧೂಳು ತಿನ್ನುತ್ತಿದೆ. ಇನ್ನೊಂದು ಡಾಂಬರಕ್ಕನ ಹೊಟ್ಟೆಯೊಳಗೆ ಉರಿಯುತ್ತಿದೆ. ಇಲಾಖೆಯ ನಕ್ಷೆ ನೋಡಿದರೆ ಹಳೆಯ ದೋಣಿಗಟ್ಟೆಯಲ್ಲಿ ಹುಟ್ಟಿ, ಇಟ್ಟಿಗೆ ಗೂಡುಗಳನ್ನು ದಾಟಿ, ಪೇಟೆಯ ನಡುವೆ ಹಾದು, ಬಯಲಿಗೆ ಬಿದ್ದು, ಗುಡ್ಡ ಹತ್ತಿ ಇಳಿದು ರೈಲು ನಿಲ್ದಾಣದ ಗೇಟಿನ ಮುಂದೆ ಮುಗಿಯುವ ಒಂದು ಗೆರೆ ಕಾಣುತ್ತದೆ. ಡಾಂಬರಕ್ಕನ ನಕ್ಷೆಯಲ್ಲಿ ಕಾಣುವವರು ಬರೀ ಹೆಂಗಸರು.

ದೋಣಿಗಟ್ಟೆಯಲ್ಲಿ ದೋಣಿಯವನ ತಂಗಿ. ಡಾಂಬರಕ್ಕನ ಗಂಡನ ಟವೆಲ್ಲು ನೀರಿಗೆ ಬಿದ್ದಾಗ ಈಜಿ ತಂದುಕೊಟ್ಟವಳು. ಟವೆಲ್ಲು ಬಿದ್ದರೆ ಬೀಳಲಿ, ಇವಳಿಗೇನು ಅಷ್ಟು ಕಾಳಜಿ? ಇಟ್ಟಿಗೆ ಗೂಡಿನ ಹತ್ತಿರ ಒಬ್ಬಳು, ಬೆಳಗಿನ ಚಳಿಗೆ ಅವನನ್ನು ಗೂಡಿನ ಬಿಸಿಗೆ ಕರೆದು ಕೂರಿಸಿದವಳು. ಪೇಟೆಯಲ್ಲಿ ದರ್ಜಿಯ ಹೆಂಡತಿ, ಅಂಗಿಗೆ ಗುಂಡಿ ಹಾಕಿಕೊಡುವಾಗ ಅಂಗಿಯನ್ನು ಮೈಮೇಲಿಂದ ತೆಗೆಸದೆಯೇ ಹೊಲಿದವಳು. ಗುಡ್ಡದ ಆಸ್ಪತ್ರೆಯಲ್ಲಿ ಒಬ್ಬ ನರ್ಸು. ಈ ಎಲ್ಲರ ಮೇಲೂ ಡಾಂಬರಕ್ಕನಿಗೆ ಒಂದೊಂದು ಹಿಡಿ ಹೊಟ್ಟೆಕಿಚ್ಚು. ಆದರೆ ಬಯಲಿನ ನಡುವೆ, ಇಲಾಖೆಯ ನಕ್ಷೆಯಲ್ಲೂ ಗೆರೆ ಚೂರು ಸೊಟ್ಟಗಾಗುವ ಜಾಗದಲ್ಲಿ ಇದ್ದಾಳಲ್ಲ, ಆ ದಾರದವಳು, ಅವಳ ಮೇಲೆ ಇದ್ದದ್ದು ಹಿಡಿಯ ಲೆಕ್ಕದ್ದಲ್ಲ.

ಡಾಂಬರಕ್ಕನಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಈ ರಸ್ತೆಗೆ ಮೊದಲ ಸಲ ಡಾಂಬರು ಬಿದ್ದಾಗ ಅದನ್ನು ಹುಯ್ದವಳು ಅವಳು. ಹಿಂದೆಯೇ ರೋಲರು ಓಡಿಸಿಕೊಂಡು ಬಂದವನು ಅವಳ ಗಂಡನಾದ. ಅವನನ್ನು ಈಗ ಎಲ್ಲರೂ ರೋಲರಜ್ಜ ಎನ್ನುತ್ತಾರೆ. ಗಂಡ ಅಜ್ಜನಾದರೂ ತಾನು ಅಕ್ಕನಾಗಿಯೇ ಉಳಿದದ್ದರಲ್ಲಿ ಅವಳಿಗೆ ಒಳಗೊಳಗೇ ಹಿಗ್ಗು. ಅಜ್ಜ ಎನಿಸಿಕೊಂಡವನ ಮೇಲೆ ಇನ್ನು ಯಾರೂ ಕಣ್ಣು ಹಾಕಲಾರರು ಎಂಬ ಧೈರ್ಯವೂ ಆ ಹಿಗ್ಗಿನಲ್ಲಿ ಸೇರಿತ್ತು.

ಇಬ್ಬರೂ ಇರುವುದು ಪೇಟೆಯ ಹೊರಗೆ, ಇಲಾಖೆಯವರು ಕೂಲಿಗಳಿಗೆಂದು ಕಟ್ಟಿಸಿದ ಸಾಲುಮನೆಯಲ್ಲಿ. ಒಂದು ಕೋಣೆ, ಒಂದು ಅಡುಗೆಮನೆ, ಪಕ್ಕದ ಮನೆಗೂ ಇವರಿಗೂ ನಡುವೆ ಒಂದೇ ಗೋಡೆ. ಆಚೆ ಮನೆಯವರು ಸೀನಿದರೆ ಈಚೆ ಮನೆಯವರಿಗೆ ನಿದ್ದೆ ಹಾರುತ್ತದೆ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಈ ಕತೆಯೆಲ್ಲ ನಿಂತಿರುವುದೇ ಆ ಗೋಡೆಯ ಮೇಲೆ. ರೋಲರಿನ ಎಂಜಿನ್ನು ಅಜ್ಜನ ಕಿವಿಗಳನ್ನು ಮದುವೆಯಾದ ಕೆಲವೇ ವರ್ಷಗಳಲ್ಲಿ ತಿಂದು ಹಾಕಿತ್ತು. ಅವನಿಗೆ ಏನು ಹೇಳಬೇಕಾದರೂ ಕೂಗಿಯೇ ಹೇಳಬೇಕು. ‘ಉಪ್ಪು ಸಾಕಾ?’ ಎಂದು ಕೇಳಿದರೆ ಸಾಲುಮನೆಯ ಆ ತುದಿಯವರೂ ಸಾಕೆಂದು ತಲೆಯಾಡಿಸುತ್ತಾರೆ. ಹಾಗಿರುವಾಗ ಡಾಂಬರಕ್ಕನ ನಾಲಿಗೆಯ ತುದಿಯಲ್ಲಿ ಇಷ್ಟು ವರ್ಷವೂ ಕೂತಿದ್ದ ಆ ಒಂದು ಪ್ರಶ್ನೆಯನ್ನು ಕೂಗಿ ಕೇಳುವುದು ಹೇಗೆ? ಮಾನವಂತರು ಕೂಗಿ ಕೇಳುವ ಪ್ರಶ್ನೆಯೇ ಅದು?

ಕೇಳಲಾಗದ್ದನ್ನೆಲ್ಲ ಅವಳು ಅಡುಗೆಮನೆಯಲ್ಲಿ ತೀರಿಸಿಕೊಳ್ಳುತ್ತಿದ್ದಳು. ಪಾತ್ರೆಯ ಮುಚ್ಚಳ ಢಣ್ ಎಂದು ಬಿದ್ದರೆ ಅಜ್ಜ ಇವತ್ತು ಬಯಲಿನ ಕಡೆ ಹೋಗಿ ಬಂದಿದ್ದಾನೆ ಎಂದು ಅಕ್ಕಪಕ್ಕದವರು ತಿಳಿದುಕೊಳ್ಳುತ್ತಿದ್ದರು. ಟೀಯನ್ನಂತೂ ಡ್ರಮ್ಮಿನಲ್ಲಿ ಡಾಂಬರು ಕಾಯಿಸಿದ ಹಾಗೆಯೇ ಕಾಯಿಸುತ್ತಿದ್ದಳು, ಕಪ್ಪಗಾಗಿ ಗುಳ್ಳೆ ಒಡೆಯುವ ತನಕ. ಅದೇ ಹೆದ್ದಾರಿಯ ಬಸ್ಸಿನಲ್ಲಿ ಕಂಡಕ್ಟರ್ ಆಗಿರುವ ಮಗಳು ಒಂದು ಗುಟುಕು ಕುಡಿದು ಮುಖ ಹಿಂಡುತ್ತಾಳೆ.

“ಅಮ್ಮಾ, ಇದನ್ನ ಕುಡಿಯೋ ಬದಲು ಗುಂಡಿ ಬಿದ್ದಿರೋ ಕಡೆ ಹುಯ್ದ್ರೆ ನಮ್ಮ ಬಸ್ಸಾದ್ರೂ ನೆಟ್ಟಗೆ ಹೋಗುತ್ತೆ.”

“ನಿಮ್ಮಪ್ಪ ಕುಡೀತಾರಲ್ಲ, ನಿನಗೇನೇ ಕಷ್ಟ?”

ಅದು ನಿಜ. ಅಜ್ಜ ತುಟಿಪಿಟಕ್ಕೆನ್ನದೆ ಕುಡಿಯುತ್ತಾನೆ. ಕುಡಿದು ಲೋಟ ಮುಂದೆ ಚಾಚಿ ಇನ್ನೊಂದು ಲೋಟ ಕೇಳುತ್ತಾನೆ.

ಹೆದ್ದಾರಿ ಎಂದರೆ ಹುಟ್ಟುವಾಗಲೇ ಹೆದ್ದಾರಿಯಾಗಿ ಹುಟ್ಟುವುದಿಲ್ಲ. ಮೊದಲು ಇಲ್ಲಿದ್ದದ್ದು ಗಾಡಿಗಳ ಜಾಡು. ದೋಣಿಯಿಂದ ಇಳಿದ ಮೂಟೆಗಳನ್ನು ಪೇಟೆಗೆ ಹೊರುವ ಎತ್ತುಗಳು ತಮಗೆ ಎಲ್ಲಿ ಮೆತ್ತಗೆ ಕಂಡಿತೋ ಅಲ್ಲಿ ನಡೆದವು, ಗಾಡಿಯವರು ಹಿಂದೆ ಕೂತು ತೂಕಡಿಸಿದರು. ಆಮೇಲೆ ರೈಲು ಬಂತು. ರೈಲು ಬಂದ ಮೇಲೆ ಅದನ್ನು ಹೋಗಿ ಮುಟ್ಟಬೇಕಲ್ಲ, ಜಾಡು ಬಯಲು ದಾಟಿ ಗುಡ್ಡದವರೆಗೆ ಬೆಳೆಯಿತು. ಲಾರಿಗಳು ಬಂದವು, ಕೆಸರಿನಲ್ಲಿ ಹೂತವು. ಆಗ ಜಲ್ಲಿ ಸುರಿದು ಅಗಲವಾದ ಕಲ್ಲುಹಾದಿ ಮಾಡಿದರು. ಎಷ್ಟೋ ವರ್ಷ ಎಲ್ಲರ ಸೊಂಟ ಮುರಿದ ಮೇಲೆ ಅದರ ಮಧ್ಯದಲ್ಲಿ ಒಂದು ಗಾಡಿಯ ಅಗಲಕ್ಕೆ ಡಾಂಬರಿನ ಪಟ್ಟಿ ಹಾಕುವುದೆಂದು ತೀರ್ಮಾನವಾಯಿತು. ಆ ಗ್ಯಾಂಗಿಗೆ ಡಾಂಬರಕ್ಕ ಸೇರಿದಳು. ಆಗ ಅವಳಿಗೆ ಎಳೆ ವಯಸ್ಸು, ಗಟ್ಟಿ ತೋಳು, ಮೂಗಿನ ತುದಿಯಲ್ಲಿ ಸಿಟ್ಟು.

ಡಾಂಬರು ಹುಯ್ಯುವುದು ಎಲ್ಲರ ಕೈಲಾಗುವ ಕೆಲಸವಲ್ಲ. ಕಾಲಿಗೆ ಗೋಣಿತಟ್ಟು ಸುತ್ತಿ, ಮೂತಿಗೆ ತೂತಿನ ತಟ್ಟೆ ಬೆಸೆದ ಡಬ್ಬದಲ್ಲಿ ಕುದಿಯುವ ಡಾಂಬರು ತುಂಬಿಕೊಂಡು, ಎಡಕ್ಕೂ ಬಲಕ್ಕೂ ಬೀಸುತ್ತಾ ಹಿಂದಕ್ಕೆ ಹಿಂದಕ್ಕೆ ನಡೆಯಬೇಕು. ಮುಂದಕ್ಕೆ ನಡೆದರೆ ಹುಯ್ದದ್ದರ ಮೇಲೇ ಕಾಲಿಡಬೇಕಾಗುತ್ತದೆ. ಹೋಗಬೇಕಾದ ದಿಕ್ಕಿಗೆ ಬೆನ್ನು, ಬರುತ್ತಿರುವ ರೋಲರಿಗೆ ಮುಖ. ಹುಯ್ದದ್ದರ ಮೇಲೆ ಇಬ್ಬರು ಸಣ್ಣ ಜಲ್ಲಿ ಎರಚುತ್ತಾರೆ, ಅದರ ಮೇಲೆ ರೋಲರು ತೆವಳುತ್ತದೆ. ದಾರಿ ತಪ್ಪಬಾರದೆಂದು ಪಕ್ಕದಲ್ಲಿ ಎರಡು ಕೋಲುಗಳ ನಡುವೆ ದಾರ ಬಿಗಿದಿರುತ್ತದೆ. ಹುಯ್ಯುವವಳ ಹಿಮ್ಮಡಿ ಆ ದಾರದ ಗುಂಟ ಹೋಗಬೇಕು. ಮುಂದಿನ ಕೋಲು ಮೇಸ್ತ್ರಿಯದು. ಹಿಂದಿನ ಕೋಲನ್ನು ಕಿತ್ತು ನೆಟ್ಟು ಕಿತ್ತು ನೆಟ್ಟು ಬರುವವಳೇ ದಾರದವಳು.

ಹಿಂದಿನ ಕೋಲು ಎಂದರೆ ರೋಲರಿನ ಪಕ್ಕ. ಅಲ್ಲಿಗೆ ಬಂತು ನೋಡಿ ಉರಿ. ಡಾಂಬರಕ್ಕ ದಿನವಿಡೀ ಹಿಂದಕ್ಕೆ ನಡೆಯುತ್ತಾ ನೋಡಬೇಕಾದ ನೋಟ ಒಂದೇ. ಎತ್ತರದ ಸೀಟಿನಲ್ಲಿ ಕೂತ ರೋಲರಿನವನು, ಅವನ ಪಕ್ಕದಲ್ಲೇ ನಡೆಯುತ್ತಾ ಕತ್ತೆತ್ತಿ ಅದೇನೋ ಹೇಳಿ ಕಿಲಕಿಲ ನಗುವ ದಾರದವಳು. ಅವಳ ನಗುವಿಗೆ ಅವನೂ ಹಲ್ಲು ಬಿಡುತ್ತಿದ್ದ. ಎಂಜಿನ್ನಿನ ಸದ್ದಿನಲ್ಲಿ ಒಂದಕ್ಷರ ಕೇಳುತ್ತಿರಲಿಲ್ಲ. ಕೇಳಿದ್ದರೆ ಅರ್ಧ ಉರಿಯಾದರೂ ಇಳಿಯುತ್ತಿತ್ತೋ ಏನೋ. ಆ ರೋಲರಿನವನು ಇವಳ ಕಡೆ ಒಂದು ಮಾತಾಡಿದವನಲ್ಲ. ಆದರೂ ಅವನು ತನ್ನವನೆಂದು ಇವಳು ಮನಸ್ಸಿನಲ್ಲಿ ಎಂದೋ ಗುರುತು ಹಾಕಿಟ್ಟಾಗಿತ್ತು. ಕೈಯಲ್ಲಿ ಕುದಿಯುವ ಡಬ್ಬ, ಒಳಗೆ ಅದಕ್ಕಿಂತ ಹೆಚ್ಚು ಕುದಿ.

ಬಯಲಿನ ನಡುವೆ ಕೆಲಸ ನಡೆಯುತ್ತಿದ್ದ ಒಂದು ಮಧ್ಯಾಹ್ನ ಜಲ್ಲಿಯ ಲಾರಿ ಬರಲಿಲ್ಲವೆಂದು ಮೇಸ್ತ್ರಿ ಗುಡ್ಡದ ಕಡೆ ಹೋದ. ಅವನು ಇಲ್ಲವೆಂದ ಮೇಲೆ ದಾರದವಳ ನಗುವಿಗೆ ಲಂಗುಲಗಾಮಿಲ್ಲ. ಅವಳು ಏನೋ ಹೇಳಿದಳು, ರೋಲರಿನವನು ತಲೆ ಹಿಂದಕ್ಕೆ ಚೆಲ್ಲಿ ನಕ್ಕ. ಡಾಂಬರಕ್ಕನ ಕಣ್ಣು ಅವರಿಬ್ಬರ ಮೇಲೆ ನೆಟ್ಟದ್ದು ನೆಟ್ಟಂತೆಯೇ ಇತ್ತು. ಹಿಮ್ಮಡಿಯ ಹತ್ತಿರ ದಾರ ಇದೆಯೋ ಇಲ್ಲವೋ ನೋಡಿದವರು ಯಾರು? ಅವಳು ಹುಯ್ಯುತ್ತಾ ಹೋದಳು, ಜಲ್ಲಿಯವರು ಎರಚುತ್ತಾ ಬಂದರು, ರೋಲರು ತೆವಳುತ್ತಾ ಬಂತು. ಸಂಜೆ ಮೇಸ್ತ್ರಿ ಬಂದು ನೋಡುತ್ತಾನೆ, ನೆಟ್ಟಗಿದ್ದ ಕಲ್ಲುಹಾದಿಯ ಮೇಲೆ ಕಪ್ಪು ಪಟ್ಟಿ ಬಲಕ್ಕೆ ಹೊಟ್ಟೆ ಬಿಟ್ಟುಕೊಂಡು ಮತ್ತೆ ಸಾಲಿಗೆ ಬಂದಿದೆ. ರೋಲರು ಹೋದ ಮೇಲೆ ಮುಗಿಯಿತು, ಅದೇ ರಸ್ತೆ. ಮೇಸ್ತ್ರಿ ಕೆಂಡಾಮಂಡಲವಾದ. ದಾರ ಸೊಟ್ಟಗಿದ್ದರೆ ತಾನೇ ರಸ್ತೆ ಸೊಟ್ಟಗಾಗುವುದು ಎಂದು ದಾರದವಳನ್ನು ಅಲ್ಲೇ ಕೆಲಸದಿಂದ ಬಿಡಿಸಿಬಿಟ್ಟ. ಡಾಂಬರಕ್ಕ ಬಾಯಿ ಬಿಡಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೆ ಖುಷಿಯೇ ಆಯಿತು.

ಖುಷಿ ಬಹಳ ದಿನ ಬಾಳಲಿಲ್ಲ. ರಸ್ತೆ ರೈಲು ನಿಲ್ದಾಣ ಮುಟ್ಟಿದ ಮೇಲೆ ರೋಲರಿನವನು ಮೇಸ್ತ್ರಿಯ ಮೂಲಕ ಹೆಣ್ಣು ಕೇಳಿಸಿದ, ಮದುವೆಯೂ ಆಯಿತು. ಆದರೆ ಮದುವೆಯ ಮೊದಲ ವಾರದಲ್ಲೇ ಒಂದು ಮುಳ್ಳು ಒಳಗೆ ಸೇರಿತು. ದಾರದವಳು ಗ್ಯಾಂಗಿನಲ್ಲಿಯೇ ಉಳಿದಿದ್ದರೆ ಇವನು ನನ್ನನ್ನು ಕೇಳುತ್ತಿದ್ದನೇ? ಅವಳು ಕೈತಪ್ಪಿ ಹೋದಳೆಂದು ಕಣ್ಣೆದುರಿಗಿದ್ದ ನನ್ನನ್ನು ಕಟ್ಟಿಕೊಂಡನೇ? ಆವತ್ತು ಆ ಸೀಟಿನ ಮೇಲೆ ಕೂತು ಇವನು ನೋಡುತ್ತಿದ್ದದ್ದು ಯಾರನ್ನು? ಆ ವಾರ ಕೇಳಿಬಿಡಬೇಕಿತ್ತು. ಜಂಬ ಬಿಡಲಿಲ್ಲ. ಜಂಬ ಇಳಿಯುವ ಹೊತ್ತಿಗೆ ಅವನ ಕಿವಿ ಹೋಗಿತ್ತು.

ರಸ್ತೆ ಮಾತ್ರ ಬೆಳೆಯುತ್ತಲೇ ಹೋಯಿತು. ದೋಣಿಯ ಜಾಗಕ್ಕೆ ಸೇತುವೆ ಬಂತು. ರಾಜ್ಯ ಹೆದ್ದಾರಿ ಎಂಬ ಪಟ್ಟ ಬಂತು, ಒಂದು ನಂಬರು ಬಂತು. ಪಟ್ಟಿ ಅಗಲವಾಯಿತು, ಪದರದ ಮೇಲೆ ಪದರ ಬಿತ್ತು. ಹೊಸ ಪದರ ಹಾಕಲು ಬಂದವರು ಹಳೆಯದು ಹೇಗಿತ್ತೋ ಅದರ ಮೇಲೇ ಹಾಕಿ ಹೋದರು. ಹಾಗಾಗಿ ಡೊಂಕು ಡೊಂಕಾಗಿಯೇ ಉಳಿಯಿತು. ಬಿಳಿ ಗೆರೆ ಎಳೆಯುವವರು ಬಂದಾಗ ಅವರ ಗೆರೆಯೂ ಅಲ್ಲಿ ವಿನಯದಿಂದ ಬಾಗಿತು. ಕೊನೆಗೆ ಇಲಾಖೆಯವರು ‘ಮುಂದೆ ತಿರುವು, ನಿಧಾನ’ ಎಂದು ಬೋರ್ಡು ನಿಲ್ಲಿಸಿದರು. ತನ್ನ ಹೊಟ್ಟೆಕಿಚ್ಚಿಗೆ ಸರ್ಕಾರದ ಬೋರ್ಡು ಬಿದ್ದ ಹೆಂಗಸು ಈ ಲೋಕದಲ್ಲಿ ಡಾಂಬರಕ್ಕ ಒಬ್ಬಳೇ ಇರಬೇಕು.

ಮರವಿಲ್ಲದ, ಬಂಡೆಯಿಲ್ಲದ ಬಯಲಿನಲ್ಲಿ ಈ ಡೊಂಕು ಯಾಕೆ ಎಂದು ಕಂಡವರೆಲ್ಲ ಒಂದೊಂದು ಕತೆ ಕಟ್ಟಿದರು. ಅಲ್ಲೊಂದು ಹಾಳುಬಾವಿ ಇತ್ತಂತೆ ಎಂದು ಕೆಲವರು. ಯಾರೋ ಸಾಹುಕಾರ ತನ್ನ ಹೊಲ ಉಳಿಸಿಕೊಳ್ಳಲು ಅಧಿಕಾರಿಗಳಿಗೆ ಬೆಣ್ಣೆ ಹಚ್ಚಿದನಂತೆ ಎಂದು ಇನ್ನು ಕೆಲವರು. ಅಳತೆಯವನು ಕುಡಿದಿದ್ದನೆಂದು ಲಾರಿ ಡ್ರೈವರುಗಳು. ಇವನ್ನೆಲ್ಲ ಮಗಳು ಬಸ್ಸಿನಿಂದ ಮನೆಗೆ ಹೊತ್ತು ತಂದು ಉಪ್ಪುಖಾರ ಹಚ್ಚಿ ಹೇಳುತ್ತಿದ್ದಳು. ಡಾಂಬರಕ್ಕ ಅಕ್ಕಿ ಆರಿಸುತ್ತಾ ಏನೂ ತಿಳಿಯದವಳಂತೆ ಹೂಂಗುಟ್ಟುತ್ತಿದ್ದಳು. ಡೊಂಕು ತನ್ನದು ಎಂಬುದು ಅವಳ ಗುಟ್ಟು, ಒಂದು ಲೆಕ್ಕದಲ್ಲಿ ಅವಳ ಆಸ್ತಿ.

ಆ ಆಸ್ತಿಯ ಮೇಲೆ ದಾರದವಳು ಅಂಗಡಿ ಹಾಕಿದಳು! ಗ್ಯಾಂಗಿನಿಂದ ಹೊರಬಿದ್ದವಳು ಒಬ್ಬ ಪಂಕ್ಚರ್ ಹಾಕುವವನನ್ನು ಮದುವೆಯಾಗಿ ಸರಿಯಾಗಿ ಡೊಂಕಿನ ಎದುರಿಗೆ ಗೂಡು ಕಟ್ಟಿಕೊಂಡಳು. ಅಲ್ಲಿ ಎಲ್ಲ ಗಾಡಿಗಳೂ ನಿಧಾನವಾಗಲೇಬೇಕು. ನಿಧಾನವಾದವರು ಟೀ ಕುಡಿಯಲು ನಿಲ್ಲುತ್ತಿದ್ದರು. ಗಂಡ ತೀರಿಹೋದ ಮೇಲೂ ಟೀ ಅಂಗಡಿ ನಿಲ್ಲಲಿಲ್ಲ. ನಾನು ಸೊಟ್ಟ ಮಾಡಿಟ್ಟದ್ದರಲ್ಲಿ ಇವಳು ಬಾಳು ನೆಟ್ಟಗೆ ಮಾಡಿಕೊಂಡಳಲ್ಲ ಎಂದು ಡಾಂಬರಕ್ಕನಿಗೆ ಮೈಯೆಲ್ಲ ಉರಿ. ಅದೂ ಸಾಲದೆಂದು ರೋಲರಜ್ಜ ಆ ಕಡೆ ಕೆಲಸವಿದ್ದಾಗೆಲ್ಲ ಅಲ್ಲಿ ನಿಂತು ಟೀ ಕುಡಿಯುತ್ತಿದ್ದ. ಮುಚ್ಚಿಟ್ಟು ಕುಡಿಯುತ್ತಿರಲಿಲ್ಲ, ಮನೆಗೆ ಬಂದು ಅವನೇ ಹೇಳುತ್ತಿದ್ದ. ಮುಚ್ಚಿಟ್ಟಿದ್ದರೆ ಹಿಡಿದು ಬಯ್ಯಬಹುದಿತ್ತು. ಆ ಅಂಗಡಿಯ ಟೀಯನ್ನು ತಾನು ಸತ್ತರೂ ಬಾಯಿಗೆ ಹಾಕುವುದಿಲ್ಲ ಎಂದು ಡಾಂಬರಕ್ಕ ಶಪಥ ಮಾಡಿಬಿಟ್ಟಳು.

ಒಂದು ದಿನ ಮಗಳು ಟಿಕೆಟ್ಟಿನ ಚೀಲವನ್ನು ಮೊಳೆಗೆ ತಗುಲಿಸುತ್ತಾ ಸುದ್ದಿ ಹೇಳಿದಳು. “ಅಮ್ಮಾ, ರಸ್ತೆ ಅಗಲ ಮಾಡ್ತಿದಾರಲ್ಲ, ಡೊಂಕು ತೆಗೆದು ನೆಟ್ಟಗೆ ಹಾಕ್ತಾರಂತೆ. ಮಿಷನ್‌ಗಳೆಲ್ಲ ಬಂದು ನಿಂತಿವೆ.”

ಡಾಂಬರಕ್ಕ ಕೈಯಲ್ಲಿದ್ದ ಅಕ್ಕಿಯ ಮೊರವನ್ನು ಕೆಳಗಿಟ್ಟಳು. ಮಗಳು ಅದೇ ಮಾತನ್ನು ಅಪ್ಪನ ಕಿವಿಯಲ್ಲಿ ಕೂಗಿದಳು. ಅಜ್ಜ, “ಹಾಗಾದ್ರೆ ನಾಳೆ ಹೋಗಿ ಒಂದ್ಸಲ ನೋಡ್ಕೊಂಡು ಬರ್ತೀನಿ” ಎಂದ.

ನೋಡುವುದು ಏನನ್ನು? ಡೊಂಕನ್ನೋ, ಡೊಂಕಿನ ಎದುರಿಗೆ ಟೀ ಮಾಡುವವಳನ್ನೋ? “ನಾನೂ ಬರ್ತೀನಿ!” ಎಂದು ಡಾಂಬರಕ್ಕ ಕೂಗಿದ ರಭಸಕ್ಕೆ ಪಕ್ಕದ ಮನೆಯಿಂದ, “ಹೋಗಿ ಬಾ ಅಕ್ಕಾ” ಎಂಬ ಉತ್ತರ ಬಂತು.

ಬೆಳಿಗ್ಗೆ ಮಗಳ ಬಸ್ಸಿನಲ್ಲೇ ಹೊರಟರು. ವಾಪಸ್ ಟ್ರಿಪ್ಪಿನಲ್ಲಿ ಹತ್ತಿಸಿಕೊಳ್ಳುವುದಾಗಿ ಹೇಳಿ ಮಗಳು ಇಬ್ಬರನ್ನೂ ಬೋರ್ಡಿನ ಹತ್ತಿರ ಇಳಿಸಿ ಹೋದಳು. ಡೊಂಕಿನ ಎಡಕ್ಕೆ ಕೆಂಪು ಮಣ್ಣು ತುಂಬಿ ನೆಟ್ಟಗಿನ ಹಾದಿ ಸಿದ್ಧವಾಗಿತ್ತು. ಹೊಳೆಯುವ ಹೊಸ ರೋಲರೊಂದು ಗುಡುಗುಟ್ಟುತ್ತಾ ನಿಂತಿತ್ತು. ಅಜ್ಜ ನೇರ ಅದರ ಹತ್ತಿರ ಹೋದವನೇ ಉಕ್ಕಿನ ಚಕ್ರದ ಮೇಲೆ ಕೈ ಸವರಿ, ಅದರ ಡ್ರೈವರನಿಗೆ ಕೈಸನ್ನೆಯಲ್ಲಿ ಏನೇನೋ ಹೇಳತೊಡಗಿದ. ಡಾಂಬರಕ್ಕ ಅಂಗಡಿಯ ಕಡೆ ತಿರುಗಿದಳು. ಹಲಗೆಯ ಕಟ್ಟೆ, ಬಿಸ್ಕತ್ತಿನ ಡಬ್ಬಿಗಳು, ಮೊಳೆಗೆ ಸತ್ತ ಗಂಡನ ಕಾಲದ ಟಯರು, ಒಲೆಯ ಮೇಲೆ ಕೆಟಲು. ಕೆಟಲಿನ ಹಿಂದೆ ದಾರದವಳು. ಕೂದಲು ಪೂರಾ ಬೆಳ್ಳಗಾಗಿತ್ತು. ಆದರೂ ಇನ್ನೂ ನೋಡುವ ಹಾಗಿದ್ದಾಳಲ್ಲ ಎಂದು ಡಾಂಬರಕ್ಕನಿಗೆ ಸಂಕಟವಾಯಿತು.

“ಬಾ ಡಾಂಬರಕ್ಕ. ಅಂತೂ ದಾರಿ ಗೊತ್ತಾಯ್ತಾ ಈ ಕಡೆಗೆ?”

“ದಾರಿ ಹಾಕಿದೋಳೇ ನಾನು. ನನಗೆ ಗೊತ್ತಾಗೋದೇನಿದೆ?”

“ಕೂತ್ಕೋ. ಟೀ ಕುಡಿ.”

“ನನಗೆ ಬೇಡ,” ಎನ್ನುತ್ತಾ ಡಾಂಬರಕ್ಕ ಅಂಗಡಿ ಮುಂದಿನ ಬೆಂಚಿನ ಒಂದು ತುದಿಗೆ ಕೂತಳು.

ದಾರದವಳು ಬಲವಂತ ಮಾಡಲಿಲ್ಲ. ಬೆಂಚಿನ ಇನ್ನೊಂದು ತುದಿಗೆ ಬಂದು ಕೂತು ಡೊಂಕನ್ನೇ ನೋಡಿದಳು. “ರಸ್ತೆ ನೆಟ್ಟಗಾದ್ರೆ ಇಲ್ಲಿ ಯಾರು ನಿಲ್ತಾರೆ? ಎಲ್ಲಾ ಜುಯ್ ಅಂತ ಹೋಗ್ಬಿಡ್ತಾರೆ. ಹೋಗ್ಲಿ ಬಿಡು, ಇಷ್ಟು ದಿನ ನಡೀತಲ್ಲ. ಆದ್ರೆ ಇದು ಮಣ್ಣಾಗೋ ಮುಂಚೆ ನಿನಗೊಂದು ಮಾತು ಹೇಳ್ಬಿಡ್ಬೇಕು. ಈ ಡೊಂಕು ನಂದು.”

“ಏನಂದೆ?”

“ನಂದು ಅಂದೆ. ಆವತ್ತು ಮೇಸ್ತ್ರಿ ಆ ಕಡೆ ಹೋದ ನೋಡು, ನಾನು ಕೋಲು ಬೇಕಂತಲೇ ಪಕ್ಕಕ್ಕೆ ನೆಟ್ಟೆ. ನೀನು ಸೊಟ್ಟ ಹುಯ್ದ್ರೆ ಮೇಸ್ತ್ರಿ ನಿನ್ನ ಓಡಿಸ್ತಾನೆ ಅಂತಿದ್ದೆ. ಓಡಿಸಿದ್ದು ನನ್ನನ್ನೇ. ಆಗ ನಿನ್ನ ಕಂಡ್ರೆ ನನಗೆ ಆಗ್ತಿರ್ಲಿಲ್ಲ. ನಿನಗೆ ಡಾಂಬರು ಕೊಟ್ರು, ನನಗೆ ದಾರ ಕೊಟ್ರು. ನಿನ್ನ ಎಲ್ಲರೂ ನೋಡೋರು, ನನ್ನ ಯಾರು ನೋಡೋರು?”

ಬೇರೆ ಯಾರಾದರೂ ಆಗಿದ್ದರೆ ಪಾಪ ಕಳೆಯಿತೆಂದು ನಿಟ್ಟುಸಿರು ಬಿಡುತ್ತಿದ್ದರು. ದಾರದವಳ ಕೆಲಸ ಹೋದದ್ದು ತನ್ನಿಂದ ಎಂದು ಇಷ್ಟು ವರ್ಷ ಒಳಗೊಳಗೇ ಇದ್ದ ಚುಚ್ಚು ಅಲ್ಲಿಗೆ ಇಲ್ಲವಾಗಬೇಕಿತ್ತು. ಆದರೆ ಡಾಂಬರಕ್ಕನಿಗೆ ಚುಚ್ಚು ಹೋದದ್ದು ಗೊತ್ತಾಗಲಿಲ್ಲ. ಆಸ್ತಿ ಹೋಗುತ್ತಿರುವುದು ಮಾತ್ರ ಕಾಣಿಸಿತು. ಗಂಡನ ಜೊತೆ ನಕ್ಕಳು, ನನ್ನ ಡೊಂಕಿನ ಮೇಲೆ ಅಂಗಡಿ ಹಾಕಿದಳು, ಈಗ ಡೊಂಕೂ ಅವಳದೇ ಅಂತೆ!

“ಎದ್ದೇಳು ಮೇಲೆ,” ಎಂದಳು. “ಬಂದುಬಿಟ್ಲು ಡೊಂಕಿನ ಯಜಮಾನಿ! ಡೊಂಕು ನಂದು. ನಾನು ಮಾಡಿದ್ದು.”

“ಕೋಲು ನೆಟ್ಟೋಳು ನಾನು ಕಣೇ.”

“ನಿನ್ನ ಕೋಲು ಯಾರಿಗೆ ಬೇಕಿತ್ತು? ನಾನು ನಿನ್ನ ದಾರದ ಕಡೆ ತಿರುಗಿಯೂ ನೋಡಿಲ್ಲ ಆವತ್ತು.”

“ಮತ್ತೇನು ನೋಡ್ತಿದ್ದೆ?”

“ನಿಮ್ಮಿಬ್ಬರನ್ನ!”

ಮಾತು ಹೊರಗೆ ಬಿದ್ದಾಗಿತ್ತು. ದಾರದವಳು ಮೆಲ್ಲಗೆ, “ಹಾಗಾದ್ರೆ ನಾನು ಕೋಲು ಕಿತ್ತು ನೆಟ್ಟಿದ್ದೆಲ್ಲ ದಂಡ ಆಯ್ತಾ?” ಎಂದಳು. ಆ ಸ್ವರದಲ್ಲಿ ನಿಜವಾದ ನಷ್ಟವಿತ್ತು.

“ಏನು ಹೇಳಿ ನಗಿಸ್ತಿದ್ದೆ ಅವರನ್ನ?”

“ಏನೇನೋ. ಮೇಸ್ತ್ರಿ ನಡೆಯೋ ಥರ ನಡೆದು ತೋರಿಸ್ತಿದ್ದೆ. ನಗ್ತಿದ್ದ. ನನ್ನ ನೋಡಿ ನಗ್ತಿದ್ನೋ, ಸುಮ್ನೆ ನಗ್ತಿದ್ನೋ, ಅಷ್ಟು ಕೆಳಗಿಂದ ನನಗೇನು ಕಾಣ್ತಿತ್ತು?”

“ಹಾಗಾದ್ರೆ ಅವರು ಯಾರನ್ನ ನೋಡ್ತಿದ್ರು?”

“ಅದನ್ನ ಅವನನ್ನೇ ಕೇಳು,” ಎಂದು ದಾರದವಳು ಸೆರಗು ಬಿಗಿದುಕೊಂಡಳು. “ನನಗೂ ಗೊತ್ತಾಗ್ಲಿ.”

ಅಲ್ಲಿ ಸಾಲುಮನೆ ಇರಲಿಲ್ಲ, ಗೋಡೆ ಇರಲಿಲ್ಲ, ಬಯಲು ಮಾತ್ರ ಇತ್ತು. ಡಾಂಬರಕ್ಕ ಎದ್ದು ನಿಂತು, ಸೊಂಟಕ್ಕೆ ಕೈ ಕೊಟ್ಟು, ರೋಲರಿನ ಗುಡುಗನ್ನು ಮೀರಿಸಬೇಕೆಂದು ಎದೆಯಲ್ಲಿದ್ದ ಉಸಿರನ್ನೆಲ್ಲ ಒಟ್ಟು ಮಾಡಿಕೊಂಡಳು. ಅವಳು ಬಾಯಿ ತೆರೆಯುವುದಕ್ಕೂ ಹೊಸ ರೋಲರಿನವನು ಎಂಜಿನ್ನು ಆರಿಸುವುದಕ್ಕೂ ಸರಿಹೋಯಿತು.

“ರೀ! ಆವತ್ತು ನೀವು ಯಾರನ್ನ ನೋಡ್ತಿದ್ರಿ? ನನ್ನನ್ನೋ, ಇವಳನ್ನೋ?”

ಬಯಲೆಲ್ಲ ಆ ಪ್ರಶ್ನೆಯಿಂದ ತುಂಬಿಹೋಯಿತು. ಮಣ್ಣು ಹೊರುತ್ತಿದ್ದವರು ಬುಟ್ಟಿ ಕೆಳಗಿಟ್ಟರು. ಅಳತೆಯ ದುರ್ಬೀನಿನೊಳಗೆ ಇಣುಕುತ್ತಿದ್ದ ಎಂಜಿನಿಯರಮ್ಮ ತಲೆಯೆತ್ತಿದಳು. ನಿಂತಿದ್ದ ಲಾರಿಯಿಂದ ಎರಡು ತಲೆಗಳು ಹೊರಬಂದವು. ಡಾಂಬರಕ್ಕನಿಗೆ ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತು. ಆದರೆ ಕೇಳಿಯಾಗಿತ್ತು.

ಅಜ್ಜನಿಗೂ ಕೇಳಿಸಿತ್ತು. ಯಾವತ್ತು, ಎಲ್ಲಿ ಎಂದು ಅವನು ವಿಚಾರಿಸಲಿಲ್ಲ. ಅವನಿಗೂ ಆವತ್ತು ಎಂದರೆ ಒಂದೇ ಇದ್ದಂತಿತ್ತು. ಚಕ್ರದ ಮೇಲಿನ ಕೈ ತೆಗೆಯದೆ, ಕಿವುಡರು ಮಾತಾಡುವ ಹಾಗೆ ಗಟ್ಟಿಯಾಗಿಯೇ ಹೇಳಿದ.

“ಯಾರನ್ನ ನೋಡೋದು? ರೋಲರ್ ಓಡಿಸೋನು ಚಕ್ರದ ಮುಂದೆ ನೋಡ್ತಾನೆ. ಚಕ್ರದ ಮುಂದೆ ನೀನಿದ್ದೆ.”

“ಹಾಗಾದ್ರೆ ನಾನು ಸೊಟ್ಟ ಹೋಗಿದ್ದು ಕಾಣ್ಲಿಲ್ವಾ?”

“ಕಾಣದೆ ಏನು? ಇವಳ ದಾರ ಎಡಕ್ಕೆ ಹೋಗಿತ್ತು, ನೀನು ಬಲಕ್ಕೆ ಬರ್ತಿದ್ದೆ. ನಾನು ನೆಟ್ಟಗೆ ಹೋಗಿದ್ರೆ ನಿನ್ನ ಡಾಂಬರು ಒಂದು ಕಡೆ, ನನ್ನ ಚಕ್ರ ಒಂದು ಕಡೆ ಆಗ್ತಿತ್ತು. ತಪ್ಪು ನಿಂದು ಅಂತ ಮೇಸ್ತ್ರಿಗೆ ಗೊತ್ತಾಗಿ ನಿನ್ನ ಬಿಡಿಸಿಬಿಡ್ತಿದ್ದ. ಬಿಡಿಸಿದ್ರೆ ಮತ್ತೆ ನಿನ್ನ ಎಲ್ಲಿ ಹುಡುಕ್ಕೊಂಡು ಹೋಗ್ಲಿ? ಅದಕ್ಕೇ ನಿನ್ನ ಹಿಂದೇನೇ ನಾನೂ ಸೊಟ್ಟ ಬಂದೆ.” ಸ್ವಲ್ಪ ತಡೆದು ಸೇರಿಸಿದ, “ಏಟು ಇವಳ ಮೇಲೆ ಬಿತ್ತು. ಅದೊಂದು ಪಾಪ ಆಯ್ತು. ಅದಕ್ಕೇ ಈ ಕಡೆ ಬಂದಾಗೆಲ್ಲ ಒಂದು ಟೀ ಕುಡ್ಕೊಂಡು ಹೋಗ್ತಿದ್ದೆ.”

ಡಾಂಬರಕ್ಕ ನಿಂತೇ ಇದ್ದಳು. ಜಗಳಕ್ಕೆಂದು ಸೊಂಟದ ಮೇಲೆ ಇಟ್ಟ ಕೈಗಳು ಅಲ್ಲೇ ಉಳಿದಿದ್ದವು.

ಬೆನ್ನ ಹಿಂದೆ ಕೆಟಲಿನ ಮುಚ್ಚಳ ಢಣ್ ಎಂದು ಬಿತ್ತು. ಆ ಸದ್ದಿನ ಗುರುತು ಅವಳಿಗೆ ಸಿಗದೆ ಇನ್ನಾರಿಗೆ ಸಿಗಬೇಕು? ಅದು ಅವಳ ಅಡುಗೆಮನೆಯ ಸದ್ದು. ತಿರುಗಿ ನೋಡಿದರೆ ದಾರದವಳು ಮುಖ ಗಂಟಿಕ್ಕಿಕೊಂಡು ಲೋಟ ತೊಳೆಯುತ್ತಿದ್ದಳು, ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಿದ್ದಳು.

ಅಜ್ಜ ಬಂದು ಬೆಂಚಿನ ಮೇಲೆ ಕೂತ. ದಾರದವಳು ಟೀ ತಂದು ಕುಕ್ಕಿದಳು. ಅವನು ಅರ್ಧ ಕುಡಿದು ಲೋಟ ಕೆಳಗಿಟ್ಟು, ಸಾಕು ಎಂಬಂತೆ ಕೈಯಾಡಿಸಿದ.

“ನೋಡು,” ಎಂದಳು ದಾರದವಳು ಡಾಂಬರಕ್ಕನಿಗೆ. “ಇಷ್ಟು ವರ್ಷವೂ ಇದೇ. ಒಂದಿನ ಪೂರ್ತಿ ಕುಡಿದೋನಲ್ಲ. ಯಾಕಪ್ಪಾ ಅಂದ್ರೆ, ಮನೇಲಿ ಮಾಡಿಟ್ಟಿರ್ತಾಳೆ, ಹೊಟ್ಟೇಲಿ ಜಾಗ ಇರ್ಬೇಕು ಅಂತಾನೆ. ನನ್ನ ಟೀಗೆ ಊರೆಲ್ಲ ನಿಲ್ಲುತ್ತೆ. ಇವನೊಬ್ಬನಿಗೆ ಅರ್ಧ ಲೋಟ ಸಾಕು.”

ಡಾಂಬರಕ್ಕ ಗಂಡ ಬಿಟ್ಟಿಟ್ಟ ಲೋಟವನ್ನು ನೋಡಿದಳು. ಶಪಥ ನೆನಪಿತ್ತು. ಆದರೂ ಕೈ ಚಾಚಿ ಎತ್ತಿಕೊಂಡು ಒಂದು ಗುಟುಕು ಕುಡಿದಳು. ಆಮೇಲೆ ಇನ್ನೊಂದು. ತಳದವರೆಗೂ ಕುಡಿದು ಲೋಟವನ್ನು ನಿಧಾನವಾಗಿ ಕೆಳಗಿಟ್ಟಳು. ಆ ಕಡೆ ರೋಲರು ಮತ್ತೆ ಗುಡುಗತೊಡಗಿತು.

ಬಸ್ಸು ವಾಪಸ್ ಬಂದಾಗ ಲಾರಿಯವರು ಸುದ್ದಿಯನ್ನು ಮಗಳಿಗೆ ಆಗಲೇ ತಲುಪಿಸಿಯಾಗಿತ್ತು. ಟಿಕೆಟ್ಟು ಹರಿಯುತ್ತಾ ಅವಳು ಅಮ್ಮನ ಸೀಟಿಗೆ ಒರಗಿ ನಿಂತಳು. ಕಿಟಕಿಯ ಪಕ್ಕ ಅಜ್ಜ ಆಗಲೇ ತೂಕಡಿಸುತ್ತಿದ್ದ. ಡೊಂಕಿನಲ್ಲಿ ಬಸ್ಸು ಬಲಕ್ಕೆ ವಾಲಿದಾಗ ಅವನ ತಲೆ ಡಾಂಬರಕ್ಕನ ಹೆಗಲಿಗೆ ಬಂತು.

“ಏನಮ್ಮಾ, ಈಗಲಾದ್ರೂ ಹೊಟ್ಟೆ ತಣ್ಣಗಾಯ್ತಾ?”

“ಎಲ್ಲಿ ತಣ್ಣಗಾಗುತ್ತೆ?” ಎಂದಳು ಡಾಂಬರಕ್ಕ. ಕಣ್ಣು ತುಂಬಿದ್ದು ಕಾಣಬಾರದೆಂದು ಮುಖ ಆ ಕಡೆ ಮಾಡಿದಳು. “ಅವಳ ಟೀ ಎಷ್ಟು ಚೆನ್ನಾಗಿದೆ ಗೊತ್ತೇನೇ? ಅಂಥ ಟೀನ ಅರ್ಧಕ್ಕೇ ಬಿಟ್ಟು ಬಂದು, ಇಷ್ಟು ವರ್ಷ ನನ್ನದನ್ನ ಎರಡೆರಡು ಲೋಟ ಕುಡಿದಿದಾರೆ ಈ ಮನುಷ್ಯ.”